ಸುರಪುರ ಸಂಸ್ಥಾನದ ನೆಲ ಮತ್ತು ಮನೆ: ಕೃಷ್ಣಾತೀರದ ಒಂದು ನಾಯಕ ಮನೆತನದ ಭೂಚರಿತ್ರೆ

ರಾಯಚೂರಿನಿಂದ ಪಶ್ಚಿಮಕ್ಕೆ ದೇವದುರ್ಗದ ಮಾರ್ಗವಾಗಿ ಸಾಗಿ, ಮೌನೇಶ್ವರನ ಕ್ಷೇತ್ರವಾದ ತಿಂಥಣಿಯ ಬಳಿ ಕೃಷ್ಣಾನದಿಯನ್ನು ದಾಟಿದರೆ ಸುರಪುರದ ಸೀಮೆ ಮೊದಲಾಗುತ್ತದೆ. ಈಗ ಅದು ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು. ಆದರೆ 1858ಕ್ಕೆ ಹಿಂದೆ ಸುಮಾರು ಎರಡು ಶತಮಾನಗಳಿಗೂ ಮಿಕ್ಕಿ ಅದು ಬೇಡ ನಾಯಕರ ಒಂದು ಮನೆತನದ ಸ್ವತ್ತಾಗಿದ್ದಿತು. ಸುರಪುರವೆಂದೊಡನೆ ನಮ್ಮ ವಾಚಕರಿಗೆ ನೆನಪಾಗುವುದು ಔರಂಗಜೇಬನ ಕೊನೆಯ ಮುತ್ತಿಗೆ ಮತ್ತು ಆಂಗ್ಲರನ್ನು ಎದುರಿಸಿದ ತರುಣ ರಾಜ ವೆಂಕಟಪ್ಪನಾಯಕನ ದುರಂತ. ಇವೆರಡರ ಮೇಲೂ ಸಾಕಷ್ಟು ಬರೆಯಲಾಗಿದೆ. ಆ ಮನೆತನದ ನೆಲವು ಯಾವ ಕಟ್ಟಳೆಯ ಮೇಲೆ ನಿಂತಿದ್ದಿತು, ಅದನ್ನು ಯಾರು ಉಣ್ಣುತ್ತಿದ್ದರು, ಅದು ಹೇಗೆ ಕೈತಪ್ಪಿತು ಎಂಬುದರ ಕಡೆಗೆ ಮಾತ್ರ ಗಮನ ಅಷ್ಟಾಗಿ ಹರಿದಿಲ್ಲ. ಕದನಗಳ ಕಥೆಯನ್ನು ಅವಶ್ಯವಿದ್ದಷ್ಟೇ ಹೇಳಿ, ಈ ಎರಡನೆಯ ವಿಷಯವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕೆಲವು ಶಬ್ದಗಳ ಅರ್ಥವನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ನಿಜಾಮನ ಹೈದರಾಬಾದು ರಾಜ್ಯದಲ್ಲಿ ನೆಲವೆಲ್ಲವೂ ಒಂದೇ ಬಗೆಯದಾಗಿರಲಿಲ್ಲ. ಸರಕಾರವು ನೇರವಾಗಿ ಕಂದಾಯವೆತ್ತುತ್ತಿದ್ದ ಭೂಮಿಗೆ ದಿವಾನಿ ಅಥವಾ ಖಾಲ್ಸಾ ಎಂದು ಹೆಸರು. ನಿಜಾಮನ ಖಾಸಗಿ ಖರ್ಚಿಗೆ ಮೀಸಲಾದುದು ಸರ್ಫ್-ಎ-ಖಾಸ್. ಸೇವೆಗಾಗಿ ಅಥವಾ ಮರ್ಯಾದೆಗಾಗಿ ನಿಜಾಮನು ಸನದು ಬರೆದು ಸರದಾರರಿಗೆ ಬಿಟ್ಟುಕೊಟ್ಟ ಹಳ್ಳಿಗಳು ಜಾಗೀರುಗಳು. ಜಾಗೀರುದಾರನ ಹಕ್ಕು ನಿಜಾಮನ ಲೇಖನಿಯಿಂದ ಹುಟ್ಟಿದ್ದು. ಅವನು ಸತ್ತಾಗ ಅದು ತಾತ್ವಿಕವಾಗಿ ನಿಜಾಮನಿಗೇ ಮರಳುತ್ತಿತ್ತು. ವಾರಸುದಾರನು ಹೊಸದಾಗಿ ಅಪ್ಪಣೆ ಪಡೆಯಬೇಕಾಗಿತ್ತು. ಸಂಸ್ಥಾನದ ಸಂಗತಿ ಬೇರೆ. ಆಸಫಜಾಹಿ ಮನೆತನವು 1724ರಲ್ಲಿ ದಖ್ಖನಿನಲ್ಲಿ ನೆಲೆಯೂರುವುದಕ್ಕೆ ಮೊದಲೇ ಆಯಾ ಸೀಮೆಗಳಲ್ಲಿ ಬೇರುಬಿಟ್ಟಿದ್ದ ಹಿಂದೂ ನಾಯಕ ಹಾಗೂ ರೆಡ್ಡಿ ಮನೆತನಗಳ ಸ್ವತ್ತುಗಳು ಅವು. ಅವರು ವರುಷಕ್ಕೊಮ್ಮೆ ಪೇಷ್ಕಷ್ ಎಂಬ ಕಪ್ಪವನ್ನು ಸಲ್ಲಿಸಿ, ತಮ್ಮ ಸೀಮೆಯೊಳಗೆ ಕಂದಾಯ, ನ್ಯಾಯ, ಪೊಲೀಸು ವ್ಯವಹಾರಗಳನ್ನು ತಾವೇ ನಡೆಸಿಕೊಳ್ಳುತ್ತಿದ್ದರು. ಗದ್ವಾಲ, ವನಪರ್ತಿ, ಅಮರಚಿಂತ, ಗುರುಗುಂಟ, ಆನೆಗೊಂದಿ ಇವೆಲ್ಲ ಈ ವರ್ಗದವು. ಇವುಗಳಲ್ಲಿ ಗುರುಗುಂಟ ಲಿಂಗಸುಗೂರು ತಾಲ್ಲೂಕಿನಲ್ಲಿದೆ. ಗದ್ವಾಲವು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ರಾಯಚೂರು ಜಿಲ್ಲೆಗೇ ಸೇರಿದ್ದಿತು. ಸುರಪುರವು ಒಂದು ಕಾಲಕ್ಕೆ ಇವುಗಳಲ್ಲಿ ಪ್ರಬಲವಾದುದಾಗಿದ್ದು, ಇವೆಲ್ಲವುಗಳಿಗಿಂತ ಮೊದಲೇ ಅಳಿದುಹೋಯಿತು. ಈ ವೈಷಮ್ಯಕ್ಕೆ ಕಾರಣವೇನೆಂಬುದೇ ನಮ್ಮ ಮುಖ್ಯ ಪ್ರಶ್ನೆ.

ಸೀಮೆಯ ಭೂಸ್ವರೂಪವನ್ನು ಲಕ್ಷಿಸದೆ ಅದರ ಇತಿಹಾಸವನ್ನು ತಿಳಿಯಲಾಗದು. ಕೃಷ್ಣೆ ಭೀಮೆಗಳ ನಡುವೆ, ಎರೆಮಣ್ಣಿನ ಬಯಲಿನಲ್ಲಿ ಕಲ್ಲುಗುಡ್ಡಗಳ ಗುಂಪೊಂದು ಎದ್ದು ನಿಂತಿದೆ. ಬಯಲು ಜೋಳವನ್ನೂ ಹತ್ತಿಯನ್ನೂ ಬೆಳೆಯುತ್ತದೆ. ಗುಡ್ಡವು ಮನುಷ್ಯನನ್ನು ಅಡಗಿಸುತ್ತದೆ. ಬಯಲನ್ನು ಗೆದ್ದ ಸುಲ್ತಾನನು ಗುಡ್ಡವನ್ನು ಗೆಲ್ಲಲಾರದೆ, ಗುಡ್ಡದವನೊಡನೆ ಒಪ್ಪಂದ ಮಾಡಿಕೊಳ್ಳುವುದು ಈ ಭಾಗದಲ್ಲಿ ಮತ್ತೆ ಮತ್ತೆ ನಡೆದ ಸಂಗತಿ. ರಾಯಚೂರು, ಮುದಗಲ್ಲುಗಳಂತಹ ಬಲವಾದ ಕೋಟೆಗಳಿಗಾಗಿ ವಿಜಯನಗರವೂ ಬಹಮನಿ ಹಾಗೂ ಬಿಜಾಪುರದ ಅರಸರೂ ಹೊಡೆದಾಡಿದರು; 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದುದು ಈ ಸರಣಿಯಲ್ಲಿ ಅತ್ಯಂತ ಪ್ರಸಿದ್ಧವಾದುದು. ಆ ದೊಡ್ಡ ಕೋಟೆಗಳು ಕೈ ಬದಲಾಯಿಸುತ್ತಿದ್ದಂತೆಯೇ ಅವುಗಳ ಸುತ್ತಣ ಚಿಕ್ಕ ಗುಡ್ಡಗಳಲ್ಲಿ ಬೇಡ ಪಾಳೆಯಗಾರರು ತಮ್ಮ ಠಾಣೆಗಳನ್ನು ಬಿಡದೆ ಉಳಿಸಿಕೊಂಡರು. ದೇವದುರ್ಗದ ಕೋಟೆಯೂ ಅಂತಹ ಒಂದು ಬೇಡರ ಠಾಣೆಯೇ ಆಗಿದ್ದಿತು. ಮಾನ್ವಿಯ ಕಡೆಯ ಸಮತಲ ಪ್ರದೇಶದಲ್ಲಿ ಇಂತಹ ಆಶ್ರಯ ಕಡಿಮೆ. ಅಲ್ಲಿ ಪಾಳೆಯಗಾರನಿಗಿಂತ ದೇಸಾಯಿ, ಕುಲಕರ್ಣಿಗಳಂತಹ ಲೆಕ್ಕದ ವತನದಾರರೇ ಹೆಚ್ಚಿನ ಪ್ರಭಾವವುಳ್ಳವರಾದುದು ಸಹಜವೆಂದು ನನಗೆ ತೋರುತ್ತದೆ.

ಸುರಪುರದ ಮನೆತನದ ಉಗಮವು ಪರಂಪರೆಯ ಕಥೆಗಳಲ್ಲಿ ಬೆರೆತುಹೋಗಿದೆ. ಇತಿಹಾಸದ ಗಟ್ಟಿನೆಲ ನಮಗೆ ಸಿಕ್ಕುವುದು ಬಿಜಾಪುರದ ಆದಿಲಶಾಹಿಯ ಕೊನೆಗಾಲದಲ್ಲಿ. ಆಗ ಈ ನಾಯಕರ ಮುಖ್ಯಸ್ಥಾನ ಈಗಿನ ಶಹಾಪುರ ತಾಲ್ಲೂಕಿನ ಸಗರ. ಬಿಜಾಪುರದ ಅರಸರಿಗೆ ಸೈನ್ಯಸಹಾಯ ಮಾಡಿ ಅವರು ಬಿರುದುಗಳನ್ನೂ ಭೂಮಿಯನ್ನೂ ಪಡೆದಿದ್ದರು. ‘ಬಹರಿ ಬಹಾದ್ದೂರ್’ ಎಂಬ ಬಿರುದು ಈ ಮನೆತನದ ಹೆಸರಿನೊಡನೆ ಕೊನೆಯವರೆಗೂ ಉಳಿಯಿತು. 1686ರಲ್ಲಿ ಬಿಜಾಪುರವೂ 1687ರಲ್ಲಿ ಗೋಲ್ಕೊಂಡವೂ ಮೊಗಲರ ವಶವಾದ ಮೇಲೆ ಔರಂಗಜೇಬನ ದೃಷ್ಟಿ ಸಗರದ ಮೇಲೆ ಬಿದ್ದಿತು. 1687ರ ಕೊನೆಯಲ್ಲಿ ಪಾಮನಾಯಕನು ಶರಣಾಗತನಾಗಿ ಸಗರವನ್ನು ಒಪ್ಪಿಸಿದನು. ಮೊಗಲರು ಆ ಊರಿಗೆ ನಸ್ರತಾಬಾದ್ ಎಂದು ಹೆಸರಿಟ್ಟರು. ನಾಯಕನು ಬಹುಕಾಲ ಬದುಕಲಿಲ್ಲ. ಆದರೆ ಅವನ ಉತ್ತರಾಧಿಕಾರಿಯಾದ ಪಿಡ್ಡನಾಯಕನು ಕೆಲವು ಕಾಲ ಮೊಗಲರ ಸೇವೆಯಲ್ಲಿದ್ದು, ಬಳಿಕ ವಾಗಿನಗೇರಿಯ ಗುಡ್ಡಕ್ಕೆ ಸರಿದು ಅಲ್ಲಿ ಕೋಟೆಯನ್ನು ಬಲಪಡಿಸಿದನು. ಸಗರ ಹೋದರೇನು, ಬೇಡರ ಬಂದೂಕುಗಾರರು ಅವನೊಡನಿದ್ದರು. ಬೇಡರ ಗುರಿಯನ್ನು ಮೊಗಲರ ಇತಿಹಾಸಕಾರರೂ ಒಪ್ಪಿದ್ದಾರೆ.

ವಾಗಿನಗೇರಿಯ ಮುತ್ತಿಗೆಯು 1705ರ ಫೆಬ್ರುವರಿ 8ರಿಂದ ಏಪ್ರಿಲ್ 27ರವರೆಗೆ ನಡೆಯಿತು. ಎಂಬತ್ತಾರು ವರುಷದ ಬಾದಶಹನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಮೊಗಲರು ಮೊದಲು ಹಿಡಿದ ‘ಲಾಲ್ ಟೀಕ್ರಿ’ ಎಂಬ ಕೆಂಪು ದಿಬ್ಬವನ್ನು ಬೇಡರು ಮರಳಿ ಕಿತ್ತುಕೊಂಡರು. ಧನಾಜಿ ಜಾಧವ ಮೊದಲಾದ ಮರಾಠ ಸರದಾರರು ಹೊರಗಿನಿಂದ ಬಂದು ಮೊಗಲ ಪಾಳೆಯವನ್ನು ಕಾಡಿದರು. ಸಂಧಿಯ ನೆಪದಲ್ಲಿ ಪಿಡ್ಡನಾಯಕನು ಕಾಲವನ್ನು ತಳ್ಳಿದನು. ಕಡೆಗೆ ಜುಲ್ಫಿಕಾರ್ ಖಾನನ ದೊಡ್ಡ ಸೈನ್ಯವು ಬಂದು ಸೇರಿ, ಬಾವಿಗಳನ್ನೂ ಪೇಟೆಯನ್ನೂ ಹಿಡಿದ ಮೇಲೆ, ಬೇಡರು ಮನೆಗಳಿಗೆ ಬೆಂಕಿಯಿಟ್ಟು ರಾತ್ರಿಯಲ್ಲಿ ಹಿಂಬಾಗಿಲಿನಿಂದ ಹೊರಟುಹೋದರು. ಬಾದಶಹನಿಗೆ ದೊರೆತುದು ಬರಿದಾದ ಗುಡ್ಡ. ಅದಕ್ಕೆ ‘ರಹಮಾನ್ ಬಕ್ಷ್’ ಎಂದು ಹೆಸರಿಟ್ಟು, ಸಮೀಪದ ದೇವಾಪುರದಲ್ಲಿ ಬೀಡುಬಿಟ್ಟು, ಅಲ್ಲಿ ಕಾಯಿಲೆ ಬಿದ್ದು ಹಲವು ತಿಂಗಳು ಮಲಗಿದನು. ಅವನು ಅತ್ತ ಹೊರಟುಹೋದ ಮೇಲೆ ನಾಯಕರು ಇತ್ತ ಮರಳಿ ಬಂದರು. ವಾಗಿನಗೇರಿಗೆ ಅನತಿದೂರದಲ್ಲಿ, ಸುತ್ತಲೂ ಗುಡ್ಡಗಳಿರುವ ಬಟ್ಟಲಿನಂತಹ ಎಡೆಯಲ್ಲಿ ಸುರಪುರವು ಮನೆತನದ ನೆಲೆಯಾಗಿ ಬೆಳೆದುದು ಈ ಕಾಲದಲ್ಲೇ.

ಈಗ ಭೂಮಿಯ ವಿಷಯಕ್ಕೆ ಬರೋಣ. ಸಂಸ್ಥಾನದ ನೆಲವೆಲ್ಲವೂ ರಾಜನ ಸ್ವಂತ ಹೊಲವೆಂದು ತಿಳಿಯುವುದು ತಪ್ಪು. ಯೂರೋಪಿನ ಜಮೀನುದಾರಿಯ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸಂಸ್ಥಾನಗಳನ್ನು ನೋಡುವವರು ಇಲ್ಲಿಯೇ ಎಡವುತ್ತಾರೆ. ರಾಜನಿಗಿದ್ದುದು ನೆಲದ ಮೇಲಣ ಆದಾಯದಲ್ಲಿ ಮೇಲ್ಪಾಲು. ಅವನ ಕೆಳಗೆ ಗ್ರಾಮದಲ್ಲಿ ಗೌಡ ಮತ್ತು ಕುಲಕರ್ಣಿ ತಮ್ಮ ವತನಗಳನ್ನು ವಂಶಪಾರಂಪರ್ಯವಾಗಿ ಉಣ್ಣುತ್ತಿದ್ದರು. ಅವರ ಹಕ್ಕು ರಾಜನು ಕೊಟ್ಟುದಲ್ಲ; ಎಷ್ಟೋ ಕಡೆ ಅದು ರಾಜನಿಗಿಂತ ಹಳೆಯದು. ತಳವಾರ, ವಾಲೀಕಾರ ಮುಂತಾದವರಿಗೆ ಅವರವರ ಚಾಕರಿಯ ಮಾನ್ಯಗಳಿದ್ದುವು. ದೇವಸ್ಥಾನ, ಮಠ, ದರ್ಗಾಗಳಿಗೆ ಇನಾಮು ಭೂಮಿಯಿದ್ದಿತು. ಈ ಎಲ್ಲವನ್ನೂ ಕಳೆದು ಉಳಿದ ಹೊಲಗಳನ್ನು ಒಕ್ಕಲಿಗನು ಉತ್ತು, ಬೆಳೆಯಲ್ಲಿ ಅಥವಾ ನಗದಿನಲ್ಲಿ ಕಂದಾಯ ಕೊಡುತ್ತಿದ್ದನು. ಒಕ್ಕಲು ಬಿಟ್ಟುಹೋದರೆ ಹೊಲ ಬೀಳುಬಿದ್ದಂತೆಯೇ. ಆ ಕಾಲದಲ್ಲಿ ನೆಲಕ್ಕೆ ಕೊರತೆಯಿರಲಿಲ್ಲ, ಉಳುವ ಕೈಗೆ ಕೊರತೆಯಿದ್ದಿತು. ಆದುದರಿಂದ ಬೀಳುನೆಲವನ್ನು ಉಳಲು ಬರುವವನಿಗೆ ಮೊದಲ ಕೆಲವು ವರುಷ ಕಡಿಮೆ ಕಂದಾಯದ ‘ಕೌಲು’ ಬರೆದುಕೊಡುವುದು ಎಲ್ಲ ಅರಸರ ಪದ್ಧತಿಯಾಗಿದ್ದಿತು.

ಸುರಪುರದ ವೈಶಿಷ್ಟ್ಯವಿರುವುದು ಬೇಡರ ಸೇವಾಭೂಮಿಯಲ್ಲಿ. ನಾಯಕನ ಕುಲದವರಾದ ಬೇಡರು ತೀರ ಹಗುರವಾದ ಕಟ್ಟಳೆಯ ಮೇಲೆ ಹೊಲಗಳನ್ನು ಹಿಡಿದಿದ್ದರು. ಅದಕ್ಕೆ ಪ್ರತಿಯಾಗಿ ಕರೆ ಬಂದೊಡನೆ ಆಯುಧ ಸಹಿತ ಗುಡ್ಡಕ್ಕೆ ಬರಬೇಕು. ಅವರಿಗೆ ಸಂಬಳವಿಲ್ಲ, ದಂಡಿನ ಖರ್ಚಿಲ್ಲ, ಬೊಕ್ಕಸದಿಂದ ಒಂದು ಕಾಸನ್ನೂ ಕೊಡಬೇಕಾಗಿರಲಿಲ್ಲ. ವಾಗಿನಗೇರಿಯಲ್ಲಿ ಮೊಗಲ ಸಾಮ್ರಾಜ್ಯದ ಎದುರು ನಿಂತುದು ಈ ವ್ಯವಸ್ಥೆಯೇ. ಆದರೆ ಇದೇ ವ್ಯವಸ್ಥೆಯ ಇನ್ನೊಂದು ಮುಖವನ್ನೂ ಗಮನಿಸಬೇಕು. ಕಾಲುಭಾಗವೋ ಅರ್ಧವೋ ನೆಲ ಸೇವೆಗೆ ಹೋದಂತೆಲ್ಲ ನಗದು ಕಂದಾಯ ಅಷ್ಟಕ್ಕಷ್ಟೇ ಆಗುತ್ತದೆ. ಕಪ್ಪವನ್ನು ಕತ್ತಿಯಿಂದ ತಪ್ಪಿಸಿಕೊಳ್ಳಬಹುದಾದ ಕಾಲದಲ್ಲಿ ಇದು ಲಾಭದ ವ್ಯವಹಾರ. ಕಪ್ಪವನ್ನು ರೂಪಾಯಿಯಲ್ಲಿ, ಗೊತ್ತಾದ ದಿನಕ್ಕೆ ತಪ್ಪದೆ ಸಲ್ಲಿಸಬೇಕಾದ ಕಾಲ ಬಂದಾಗ ಇದೇ ಕುತ್ತಿಗೆಗೆ ಉರುಲಾಗುತ್ತದೆ.

ಆದಾಯದ ಇನ್ನೊಂದು ಪಾಲು ವಿದ್ಯೆಗೂ ದೇವರಿಗೂ ಹೋಯಿತು. ಈ ಬೇಡ ಅರಸರು ಶ್ರೀವೈಷ್ಣವ ಗುರುಗಳ ಶಿಷ್ಯರಾದರು. ಬುಕ್ಕಪಟ್ಟಣದ ಆಚಾರ್ಯ ಮನೆತನದ ವಿದ್ವಾಂಸರು ಸುರಪುರದಲ್ಲಿ ನೆಲಸಿ ಸಂಸ್ಕೃತದಲ್ಲಿ ವೇದಾಂತ ಗ್ರಂಥಗಳನ್ನು ರಚಿಸಿದರು. ಅರಮನೆಯ ಬಳಿಯ ವೇಣುಗೋಪಾಲಸ್ವಾಮಿಯ ಗುಡಿಯಲ್ಲಿ ಕೃಷ್ಣಜನ್ಮಾಷ್ಟಮಿಯ ಸಮಯದ ಉತ್ಸವದಲ್ಲಿ ಜಾರುವ ಕಂಬಗಳನ್ನು ಏರುವ ಆಟ ಈಗಲೂ ಪ್ರಸಿದ್ಧವಾಗಿದೆ. ಗರುಡಾದ್ರಿ ಮನೆತನದ ಚಿತ್ರಗಾರರು ಸುವರ್ಣರೇಖೆಗಳಿಂದ ಕೂಡಿದ ಸೂಕ್ಷ್ಮ ಚಿತ್ರಶೈಲಿಯೊಂದನ್ನು ಇಲ್ಲಿ ಬೆಳೆಸಿದರು. ಅದು ಸುರಪುರ ಶೈಲಿ ಎಂದೇ ಹೆಸರಾಗಿದೆ. ಬೇಟೆಯನ್ನೂ ಯುದ್ಧವನ್ನೂ ವೃತ್ತಿಯಾಗಿ ಉಳ್ಳವರೆಂದು ಪರಕೀಯರು ಬರೆದಿಟ್ಟ ಒಂದು ಕುಲದ ಅರಮನೆಯಲ್ಲಿ ಇಷ್ಟು ನಾಜೂಕಾದ ಕಲೆ ಹೇಗೆ ಬೆಳೆಯಿತೆಂದು ಕೆಲವರು ಆಶ್ಚರ್ಯಪಡುವುದುಂಟು. ಆಶ್ಚರ್ಯಕ್ಕೆ ಕಾರಣವಿಲ್ಲ. ಭೂಮಿಯ ಹುಟ್ಟುವಳಿ ಒಂದೆಡೆ ಕೂಡಿದಲ್ಲಿ ಕಲೆಗೆ ಅನ್ನ ದೊರೆಯುತ್ತದೆ.

ಹದಿನೆಂಟನೆಯ ಶತಮಾನದುದ್ದಕ್ಕೂ ಸುರಪುರದ ನಾಯಕರು ಹೈದರಾಬಾದಿಗೆ ಕಪ್ಪ ಸಲ್ಲಿಸುತ್ತ, ಪೇಶವೆಯ ಹಕ್ಕುಗಳನ್ನೂ ಸಂಭಾಳಿಸುತ್ತ ಎರಡು ದೋಣಿಗಳ ನಡುವೆ ಕಾಲಿಟ್ಟು ಬಾಳಿದರು. ಇಬ್ಬರು ಪ್ರಬಲರ ನಡುವೆ ಸಿಕ್ಕವನಿಗೆ ಒಂದು ಅನುಕೂಲವೂ ಉಂಟು: ಒಬ್ಬನನ್ನು ತೋರಿಸಿ ಇನ್ನೊಬ್ಬನಿಗೆ ಬಾಕಿ ನಿಲ್ಲಿಸಬಹುದು. 1818ರಲ್ಲಿ ಪೇಶವೆಯ ಪತನವಾದಾಗ ಈ ಅನುಕೂಲ ಅಳಿದುಹೋಯಿತು. ಹೈದರಾಬಾದಿನ ಬೇಡಿಕೆಯ ಹಿಂದೆ ಈಗ ಆಂಗ್ಲ ಅಧಿಕಾರಿಗಳ ಕೈಕೆಳಗಿನ ಸೈನ್ಯವಿದ್ದಿತು. ಕೃಷ್ಣಪ್ಪನಾಯಕನು ಪಟ್ಟವೇರಿದಾಗ ಅವನಿಂದ ಹದಿನೈದು ಲಕ್ಷ ರೂಪಾಯಿಗಳ ನಜರಾಣೆಯನ್ನು ಕೇಳಲಾಯಿತು. ಅಷ್ಟು ಹಣ ಬೊಕ್ಕಸದಲ್ಲಿರಲಿಲ್ಲ. ಸಾಹುಕಾರರಿಂದ ಸಾಲ, ಸಾಲಕ್ಕೆ ಹಳ್ಳಿಗಳ ಆದಾಯದ ಒತ್ತೆ, ಬಡ್ಡಿಗೆ ಬಡ್ಡಿ. ಇತ್ತ ವರುಷವರುಷದ ಪೇಷ್ಕಷ್ ಬಾಕಿ. ಒತ್ತೆಯಿಟ್ಟ ಹಳ್ಳಿಯಲ್ಲಿ ಸಾಹುಕಾರನ ಜನ ಕುಳಿತು ಸುಗ್ಗಿಯ ಕಣದಲ್ಲೇ ರಾಶಿಯನ್ನು ಅಳೆದೊಯ್ಯುವಾಗ ರೈತನಿಗೆ ನಾಯಕನಾರೋ ಸಾಹುಕಾರನಾರೋ ತಿಳಿಯದಾಗುತ್ತದೆ. ನನ್ನ ಮಟ್ಟಿಗೆ ಸುರಪುರ ಸಂಸ್ಥಾನದ ಪತನದ ಆರಂಭವನ್ನು 1858ರಲ್ಲಿ ಅಲ್ಲ, ಈ ನಜರಾಣೆಯಲ್ಲಿ ಕಾಣಬೇಕು.

ಬಾಕಿಯ ವಸೂಲಿಗಾಗಿಯೂ, ಉತ್ತರಾಧಿಕಾರದ ಜಗಳವನ್ನು ತೀರಿಸುವುದಕ್ಕಾಗಿಯೂ 1841ರಲ್ಲಿ ಸುರಪುರಕ್ಕೆ ಬಂದವನು ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್. ಇವನು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲೇ ಮುಂಬಯಿಗೆ ಬಂದು ನಿಜಾಮನ ಸೇವೆಗೆ ಸೇರಿದವನು. ಠಕ್ಕರನ್ನು ಕುರಿತ ಇವನ ಕಾದಂಬರಿ 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ಹೆಸರುಗಳಿಸಿದ್ದಿತು. ಕೃಷ್ಣಪ್ಪನಾಯಕನು ತೀರಿಕೊಂಡಿದ್ದನು, ಮಗ ವೆಂಕಟಪ್ಪನು ಇನ್ನೂ ಬಾಲಕ, ಸತ್ತ ರಾಜನ ತಮ್ಮ ಪಿಡ್ಡನಾಯಕನಿಗೂ ರಾಣಿ ಈಶ್ವರಮ್ಮನಿಗೂ ಅಧಿಕಾರಕ್ಕಾಗಿ ತಿಕ್ಕಾಟ. ಟೇಲರನು ಈ ಜಗಳವನ್ನು ಪಳಗಿಸಿ, 1853ರವರೆಗೆ ಸಂಸ್ಥಾನದ ಆಡಳಿತವನ್ನು ನಡೆಸಿದನು. ಅವನ ಆತ್ಮಕಥೆ 1877ರಲ್ಲಿ, ಅವನು ಸತ್ತ ಮರುವರುಷ ಹೊರಬಂದಿತು. ಸುರಪುರದ ಆ ಕಾಲದ ಬಗ್ಗೆ ನಮಗಿರುವ ಅತ್ಯಂತ ವಿಸ್ತಾರವಾದ ಬರಹ ಅದೇ. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಅದು ಬರೆದವನ ಪಕ್ಷದಿಂದ ಬರೆದ ಗ್ರಂಥ. ರಾಣಿಯು ಅದರಲ್ಲಿ ದುಷ್ಟಳು, ಟೇಲರನು ಸತ್ಪುರುಷ. ತನ್ನ ಗಂಡನ ಸೀಮೆಯನ್ನು ಪರದೇಶೀಯನೊಬ್ಬನು ಬಂದು ಆಳುವುದನ್ನು ಕಂಡ ಹೆಂಗಸಿನ ಪಕ್ಷವನ್ನು ಬರೆಯುವವರು ಯಾರೂ ಇರಲಿಲ್ಲ.

ಹಾಗೆಂದು ಟೇಲರನ ಕೆಲಸವನ್ನು ಅಲ್ಲಗಳೆಯುವುದೂ ನ್ಯಾಯವಲ್ಲ. ಅವನು ಲೆಕ್ಕಪತ್ರಗಳನ್ನು ಕ್ರಮಪಡಿಸಿದನು, ರೈತರಿಗೆ ಕೌಲುಗಳನ್ನು ಕೊಟ್ಟು ಬೀಳುನೆಲವನ್ನು ಸಾಗುವಳಿಗೆ ತಂದನು, ರಸ್ತೆಗಳನ್ನು ಮಾಡಿಸಿದನು, ನಾಯಕರ ಕಾಲದ ಬೋನಾಳದ ಕೆರೆಯ ಏರಿಯನ್ನು ಬಲಪಡಿಸಿ ಅದನ್ನು ದೊಡ್ಡದಾಗಿಸಿದನು. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಮನೆಯನ್ನು ಜನ ‘ಟೇಲರ್ ಮಂಜಿಲ್’ ಎಂದು ಕರೆಯುತ್ತಾರೆ. ರಾಜನಕೋಳೂರು ಮುಂತಾದ ಕಡೆಗಳಲ್ಲಿ ಇರುವ, ಜನರು ‘ಮೋರ್ಯರ ಮನೆ’ಗಳೆಂದು ಕರೆಯುವ ಕಲ್ಲುಗೋರಿಗಳನ್ನು ಮೊಟ್ಟಮೊದಲು ಅಳೆದು, ಅಗೆದು, ಚಿತ್ರ ಸಹಿತ ಪಂಡಿತರ ಗಮನಕ್ಕೆ ತಂದವನೂ ಇವನೇ. ದಖ್ಖನಿನ ಬೃಹತ್ ಶಿಲಾ ಸಂಸ್ಕೃತಿಯ ಅಧ್ಯಯನಕ್ಕೆ ಹೀಗೆ ಸುರಪುರದ ಗುಡ್ಡಗಳಲ್ಲಿ ನಾಂದಿಯಾಯಿತು. ಬಾಲಕನಾದ ವೆಂಕಟಪ್ಪನು ಅವನನ್ನು ‘ಅಪ್ಪ’ ಎಂದು ಕರೆಯುತ್ತಿದ್ದನು. ಆ ಸಂಬೋಧನೆಯಲ್ಲಿದ್ದ ಪ್ರೀತಿ ನಿಜವಾದುದೆಂದು ಮುಂದಿನ ಘಟನೆಗಳೇ ಹೇಳುತ್ತವೆ.

1853 ಎರಡು ರೀತಿಯಿಂದ ನಿರ್ಣಾಯಕ ವರುಷ. ಆ ವರುಷದ ಮೇ ತಿಂಗಳ ಒಡಂಬಡಿಕೆಯಿಂದ ನಿಜಾಮನು ತನ್ನ ರಾಜ್ಯದಲ್ಲಿದ್ದ ಆಂಗ್ಲ ಸೈನ್ಯದ ಖರ್ಚಿಗಾಗಿ ಬೀರಾರು, ಧಾರಾಶಿವ ಮತ್ತು ರಾಯಚೂರು ದೋಆಬುಗಳನ್ನು ಕಂಪನಿಯ ವಶಕ್ಕೆ ಬಿಟ್ಟನು. ರಾಯಚೂರು, ಮಾನ್ವಿ, ದೇವದುರ್ಗಗಳ ಸೀಮೆ ಏಳು ವರುಷಗಳ ಕಾಲ ಆಂಗ್ಲರ ಕೈಯಲ್ಲಿದ್ದುದು ಹೀಗೆ. ಅವರ ದಂಡು ಲಿಂಗಸುಗೂರಿನಲ್ಲಿ ನಿಂತಿತು. ಅದೇ ವರುಷ ವೆಂಕಟಪ್ಪನಾಯಕನು ಪ್ರಾಯಕ್ಕೆ ಬಂದು ಸಂಸ್ಥಾನವನ್ನು ವಹಿಸಿಕೊಂಡನು, ಟೇಲರನು ನಳದುರ್ಗಕ್ಕೆ ವರ್ಗವಾದನು. ಹೀಗಾಗಿ ಇಪ್ಪತ್ತರ ಒಳಗಿನ ತರುಣನೊಬ್ಬನು ಆಳತೊಡಗಿದಾಗ ಅವನ ಸೀಮೆಯ ಪಕ್ಕದಲ್ಲೇ, ಹೊಳೆಯ ಆಚೆ, ಕಂಪನಿಯ ದಂಡು ಬಂದು ನಿಂತಿದ್ದಿತು. ಸಾಲ ಮರಳಿ ಬೆಳೆಯಿತು. ಅರಬರೂ ರೋಹಿಲರೂ ಕೂಲಿದಂಡಾಗಿ ಸುರಪುರದಲ್ಲಿ ನೆರೆದರು. 1857ರ ನವೆಂಬರಿನಲ್ಲಿ ಮುಧೋಳದ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಹೋರಾಡಿ ಮಡಿದುದು ಇಲ್ಲಿಯ ಬೇಡರ ಕಿವಿಗೆ ಬೀಳದಿರಲಿಲ್ಲ. ಆಯುಧವೇ ಭೂಮಿಯ ಹಕ್ಕಿಗೆ ಆಧಾರವಾದ ವ್ಯವಸ್ಥೆಯಲ್ಲಿ ಆಯುಧ ಹೋದರೆ ಹೊಲವೂ ಹೋದಂತೆಯೇ ಎಂಬ ಭಯವನ್ನು ಅವರಲ್ಲಿ ನಾವು ಊಹಿಸಬಹುದು. ನಿರಾಯುಧೀಕರಣದ ಶಾಸನವನ್ನು ಬೇಡರು ಇಷ್ಟು ಉಗ್ರವಾಗಿ ಎದುರಿಸಿದುದಕ್ಕೆ ಮಾನಾಪಮಾನದ ಜೊತೆಗೆ ಈ ಕಾರಣವನ್ನೂ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ.

1858ರ ಫೆಬ್ರುವರಿಯ ಮೊದಲ ವಾರದಲ್ಲಿ ಲಿಂಗಸುಗೂರಿನ ದಂಡು ಸುರಪುರಕ್ಕೆ ಬಂದಿಳಿಯಿತು. 7ರ ರಾತ್ರಿ ಬೇಡರು ಅದರ ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತನು. ಇತರ ಪಡೆಗಳು ಬರುತ್ತಿರುವ ಸುದ್ದಿ ಕೇಳಿ ರಾಜನು ರಾತ್ರಿಯಲ್ಲಿ ಹೊರಟು ಹೈದರಾಬಾದು ಸೇರಿದನು. ಅಲ್ಲಿ ಅವನನ್ನು ಹಿಡಿದು, ಸಾಲಾರಜಂಗನ ಮೂಲಕ ಆಂಗ್ಲ ರೆಸಿಡೆಂಟನಿಗೆ ಒಪ್ಪಿಸಲಾಯಿತು. ಸೆರೆಯಲ್ಲಿ ಟೇಲರನು ಅವನನ್ನು ಕಂಡನು. ವಿಧಿಸಿದ ಮರಣದಂಡನೆ ಮೊದಲು ಕಡಲಾಚೆಯ ಗಡೀಪಾರಾಗಿಯೂ, ಬಳಿಕ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರುಷಗಳ ಸೆರೆಯಾಗಿಯೂ ಇಳಿಯಿತು. ನಡತೆ ಸರಿಯಾಗಿದ್ದರೆ ಸಂಸ್ಥಾನ ಮರಳಿ ದೊರೆಯುವ ಆಸೆಯೂ ಇದ್ದಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯ ಮೊದಲ ಬೀಡುಗಳಲ್ಲೇ ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜನು ಸತ್ತನು. ಆಕಸ್ಮಿಕವೋ ಆತ್ಮಹತ್ಯೆಯೋ ಎಂಬುದು ಆಗಲೂ ಚರ್ಚೆಗೆ ಬಂದ ವಿಷಯ. ಸೆರೆಯಾಗಿ ಬಾಳಲೊಲ್ಲದೆ ತಾನೇ ಹೊಡೆದುಕೊಂಡನೆಂಬುದೇ ಸುರಪುರದ ಜನರ ನಂಬಿಕೆ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ಮರಣವೆಂದು ಜಾತಕ ಹೇಳಿದ್ದ ಸಂಗತಿಯನ್ನು ಟೇಲರನು ದಾಖಲಿಸಿದ್ದಾನೆ.

ಸಂಸ್ಥಾನ ಜಪ್ತಿಯಾಯಿತು. 1860ರ ಒಡಂಬಡಿಕೆಯಲ್ಲಿ ಆಂಗ್ಲರು ಸುರಪುರವನ್ನು, 1857ರಲ್ಲಿ ತಮಗೆ ನಿಷ್ಠನಾಗಿದ್ದುದಕ್ಕೆ ಬಹುಮಾನವೆಂಬಂತೆ, ನಿಜಾಮನಿಗೆ ಪೂರ್ಣಾಧಿಕಾರದೊಡನೆ ಒಪ್ಪಿಸಿದರು; ರಾಯಚೂರು ದೋಆಬನ್ನೂ ಧಾರಾಶಿವವನ್ನೂ ಹಿಂದಿರುಗಿಸಿದರು; ನಿಜಾಮನ ಐವತ್ತು ಲಕ್ಷ ರೂಪಾಯಿಗಳ ಸಾಲವನ್ನು ಮನ್ನಾ ಮಾಡಿದರು. ಹದಿನೈದು ಲಕ್ಷದ ನಜರಾಣೆಗಾಗಿ ಯಾರನ್ನು ಹಿಂಡಲಾಗಿತ್ತೋ ಅವರ ನೆಲವೆಲ್ಲ, ಐವತ್ತು ಲಕ್ಷದ ಮನ್ನಾದೊಡನೆ, ಹಿಂಡಿದವನ ಪಾಲಿಗೆ ಬಂದಿತು. ವ್ಯಾಖ್ಯಾನಕ್ಕೆ ಅವಶ್ಯಕತೆಯಿಲ್ಲ. ಸುರಪುರವು ಲಿಂಗಸುಗೂರು ಜಿಲ್ಲೆಗೆ ಸೇರಿ, 1905ರಲ್ಲಿ ಆ ಜಿಲ್ಲೆ ಒಡೆದಾಗ ಗುಲಬರ್ಗೆಯ ಪಾಲಾಯಿತು. ಮೇಲ್ಪಾಲು ನಾಯಕನಿಂದ ತಹಸೀಲುದಾರನಿಗೆ ಹೋದಾಗ ಗೌಡ ಕುಲಕರ್ಣಿಗಳ ವತನಗಳು ಹೆಚ್ಚು ಅಲುಗಲಿಲ್ಲ. ಲೆಕ್ಕ ಬರೆಯುವವನು ಎಲ್ಲ ಸರಕಾರಗಳಿಗೂ ಬೇಕು. ಅಲುಗಿದುದು ಬೇಡರ ಸೇವಾಭೂಮಿ. ಸೇವೆ ಪಡೆಯುವವನೇ ಇಲ್ಲವಾದ ಮೇಲೆ ಸೇವೆಯ ರಿಯಾಯಿತಿಗೆ ಅರ್ಥವಿಲ್ಲವೆಂಬುದು ಕಂದಾಯದ ತರ್ಕ. ಬಂದೂಕು ಹಿಡಿದು ಹೊಲ ಉಂಡವರ ಮಕ್ಕಳು ಸಾಮಾನ್ಯ ರೈತರಾದರು, ಕೂಲಿಗಳಾದರು.

ಈ ಸಂದರ್ಭದಲ್ಲಿ ದೂರದ ಒಂದು ಹೋಲಿಕೆ ಉಪಯುಕ್ತವಾದೀತು. ತರಂಗಂಬಾಡಿಯಲ್ಲಿ 1620ರಿಂದ 1845ರವರೆಗೆ ಕೋಟೆಯಿಟ್ಟುಕೊಂಡಿದ್ದ ಡೇನರ ತಾಯ್ನಾಡಾದ ಡೆನ್ಮಾರ್ಕಿನಲ್ಲಿ ಶ್ರೀಮಂತ ಮನೆತನಗಳ ಹಳ್ಳಿಯ ಜಮೀನುಗಳು ಶತಮಾನಗಳ ಕಾಲ ಉಳಿದುಬಂದಿವೆ. ಅಲ್ಲಿಯೂ ಉಳುವ ಕೈಗೆ ಕೊರತೆಯಿದ್ದಿತು. ಆದರೆ ಅಲ್ಲಿಯ ಒಡೆಯರು ನಮ್ಮವರಂತೆ ಕೌಲು ಕೊಟ್ಟು ರೈತನನ್ನು ಒಲಿಸಲಿಲ್ಲ. 1733ರ ಒಂದು ಶಾಸನದಿಂದ ರೈತರ ಗಂಡುಮಕ್ಕಳು ಹುಟ್ಟಿದ ಜಮೀನನ್ನು ಬಿಟ್ಟು ಹೋಗದಂತೆ ಕಟ್ಟಿಹಾಕಿದರು. ಆ ಕಟ್ಟು 1788ರಲ್ಲಿ ಕಳಚಿತು. ಒಡೆಯನ ಜಮೀನು ಒಡೆಯದೆ ಹಿರಿಯ ಮಗನಿಗೇ ಹೋಗುವ ವ್ಯವಸ್ಥೆಯನ್ನು 1919ರ ಕಾಯಿದೆ ಕೊನೆಗೊಳಿಸಿತು. ಒಡೆಯರು ಸಂಪತ್ತಿನ ಒಂದಂಶವನ್ನು ಸರಕಾರಕ್ಕೆ ತೆತ್ತು, ಸಣ್ಣ ರೈತರಿಗೆ ನೆಲವನ್ನೂ ಬಿಟ್ಟು, ಉಳಿದುದನ್ನು ಸ್ವಂತ ಸ್ವತ್ತಾಗಿ ಪಡೆದರು. ಅಲ್ಲಿ ಬದಲಾವಣೆ ಒಡೆಯನಿಗೂ ರೈತನಿಗೂ ನಡುವಣ ಲೆಕ್ಕಾಚಾರವಾಗಿ ನಡೆಯಿತು. ಸುರಪುರದಲ್ಲಿ ಒಡೆಯನನ್ನು ಮೇಲಿನ ಒಡೆಯನೇ ನುಂಗಿದನು. ರೈತನಿಗೆ ಅದರಿಂದ ಒಂದು ಗೇಣು ನೆಲವೂ ಹೆಚ್ಚಾಗಿ ದೊರೆಯಲಿಲ್ಲ.

ಡೆನ್ಮಾರ್ಕಿನ 1919ಕ್ಕೆ ಸಮಾನವಾದ ದಿನ ಉಳಿದ ಸಂಸ್ಥಾನಗಳಿಗೆ ಬಂದುದು 1949ರಲ್ಲಿ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿದ ಮೇಲೆ, 1949ರ ಆಗಸ್ಟ್ 15ರಂದು ಜಾಗೀರು ರದ್ದಿಯಾತಿಯ ಶಾಸನ ಜಾರಿಗೆ ಬಂದಿತು. ಗದ್ವಾಲ, ಗುರುಗುಂಟ, ಆನೆಗೊಂದಿಗಳ ಆಡಳಿತಾಧಿಕಾರ ಮುಗಿದು, ಒಡೆಯರಿಗೆ ಪರಿಹಾರದ ಹಣ ಗೊತ್ತಾಯಿತು. ಮರುವರುಷ ಹೈದರಾಬಾದು ಗೇಣಿ ಕಾಯಿದೆ, 1955ರಲ್ಲಿ ಇನಾಮು ರದ್ದಿಯಾತಿ, ಏಕೀಕರಣದ ಬಳಿಕ 1961ರ ಭೂಸುಧಾರಣಾ ಕಾಯಿದೆ, ಅದಕ್ಕೆ 1974ರ ತಿದ್ದುಪಡಿ, ಹೀಗೆ ಒಂದರ ಮೇಲೊಂದು ಬಂದು ಗೇಣಿದಾರನಿಗೆ ನೆಲದ ಒಡೆತನವನ್ನು ಕೊಡಲೆಳಸಿದುವು. ಕಾಯಿದೆಯ ಫಲ ಎಲ್ಲ ಕಡೆಯೂ ಒಂದೇ ಸಮನಾಗಿರಲಿಲ್ಲವೆಂಬುದನ್ನು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಸುರಪುರದ ಮನೆತನಕ್ಕೆ ಮಾತ್ರ 1949ರಲ್ಲಿ ರದ್ದಾಗಬೇಕಾದ ಸಂಸ್ಥಾನವೇ ಇರಲಿಲ್ಲ. ಅದಾಗಲೇ ಹೋಗಿ ತೊಂಬತ್ತು ವರುಷಗಳಾಗಿದ್ದುವು. ಆದಾಗ್ಯೂ ಅರಮನೆ ಉಳಿಯಿತು, ಮನೆತನ ಉಳಿಯಿತು, ವೇಣುಗೋಪಾಲನ ಉತ್ಸವದಲ್ಲಿ ಅದಕ್ಕೆ ಸಲ್ಲುವ ಮರ್ಯಾದೆಯೂ ಉಳಿಯಿತು. ನೆಲವನ್ನು ಕಳೆದುಕೊಂಡ ಒಡೆತನವು ಮಾನ್ಯತೆಯಾಗಿ ಇಷ್ಟು ದೀರ್ಘಕಾಲ ಬಾಳಿದುದನ್ನು ಬರಿಯ ಕಂದಾಯದ ದಫ್ತರಗಳಿಂದ ವಿವರಿಸಲಾಗದು; ಕುಲದ ಸಂಬಂಧ ಅದರ ಹಿಂದಿದೆ.

ನೆಲದ ಬೆಲೆಯೇ ಬದಲಾದುದು ಇತ್ತೀಚಿನ ಮಾತು. 1871ರಲ್ಲಿ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿದಾಗ ಹತ್ತಿಯ ವ್ಯಾಪಾರ ಗುಡ್ಡದ ಪೇಟೆಗಳನ್ನು ಬಿಟ್ಟು ರಾಯಚೂರಿನತ್ತ ಹರಿಯಿತು. ಮಾನ್ವಿಯ ಹೊಲಗಳಿಗೆ ತುಂಗಭದ್ರೆಯ ಎಡದಂಡೆಯ ಕಾಲುವೆ ನೀರು ತಂದಿತು. ನಾರಾಯಣಪುರದಲ್ಲ‍ಿ 1982ರಲ್ಲಿ ಪೂರ್ಣವಾದ ಬಸವಸಾಗರದಿಂದ ಎಡದಂಡೆಯ ಕಾಲುವೆ ಸುರಪುರ, ಶಹಾಪುರಗಳ ಕಡೆಗೂ ಬಲದಂಡೆಯ ಕಾಲುವೆ ದೇವದುರ್ಗದ ಕಡೆಗೂ ಹರಿಯಿತು. ಜೋಳದ ಎರೆಯಲ್ಲಿ ಭತ್ತ ಬಂದಿತು. ಒಂದು ಕಾಲಕ್ಕೆ ಕೌಲು ಬರೆದುಕೊಟ್ಟು ಕರೆಯಬೇಕಾಗಿದ್ದ ನೆಲಕ್ಕಾಗಿ ಈಗ ನ್ಯಾಯಾಲಯಗಳಲ್ಲಿ ವ್ಯಾಜ್ಯಗಳು ನಡೆಯುತ್ತವೆ. ಆಗ ಹಳೆಯ ಸನದು, ಇನಾಮು ಪತ್ರಗಳನ್ನು ಪೆಟ್ಟಿಗೆಗಳಿಂದ ಹೊರತೆಗೆಯುವುದುಂಟು. ಬೋನಾಳದ ಕೆರೆ ಪಕ್ಷಿಧಾಮವಾಗಿದೆ.

ಸಂಶೋಧಕರಿಗೆ ಉಳಿದಿರುವ ಕೆಲಸ ಈ ಪತ್ರಗಳದೇ. ನಿಜಾಮನ ದಫ್ತರಗಳು ಹೈದರಾಬಾದಿನ ಪತ್ರಾಗಾರದಲ್ಲಿವೆ. ಅವು ಫಾರಸಿ ಮತ್ತು ಉರ್ದುವಿನಲ್ಲಿವೆ. ಹಳ್ಳಿಯ ಮನೆಗಳಲ್ಲಿರುವ ಲೆಕ್ಕಗಳಲ್ಲಿ ಮೋಡಿಯೂ ಇದೆ, ಹಳೆಯ ಕನ್ನಡದ ಕೈಬರಹವೂ ಇದೆ. ಮೋಡಿಯನ್ನು ಓದಬಲ್ಲವರು ನಮ್ಮ ಭಾಗದಲ್ಲಿ ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಟೇಲರನ ಆತ್ಮಕಥೆಯೊಂದನ್ನೇ ನಂಬಿ ಬರೆದ ಸುರಪುರದ ಚರಿತ್ರೆಯನ್ನು ತಿದ್ದಬೇಕಾದರೆ ಕುಲಕರ್ಣಿಗಳ ಕಡತಗಳಲ್ಲಿ ಬೇಡರ ಸೇವಾಭೂಮಿಯ ಹೆಸರುಗಳನ್ನು ಹಳ್ಳಿಹಳ್ಳಿಗೆ ಹೋಗಿ ಹುಡುಕಬೇಕು. ದೇವದುರ್ಗ ತಾಲ್ಲೂಕಿನ ಹೊಳೆದಂಡೆಯ ಊರುಗಳಿಂದ ಈ ಕೆಲಸವನ್ನು ಮೊದಲುಮಾಡಬಹುದು.